ಸೆಕೆಂಡ್ ಹ್ಯಾಂಡ್ ಸಾಮಾನಿನಿಂದ ಮನೆ ತುಂಬಿದಾಗ: ನಾನು ಮಾಡಿ ನೋಡಿದ ನಾಲ್ಕು ದಾರಿ

ಹಳೆ ಸಾಮಾನು ಕೊಳ್ಳುವುದನ್ನು ಬಿಟ್ಟುಬಿಡಿ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ನಾನೇ ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ಇನ್ನೊಬ್ಬರ ಕೈಯಲ್ಲಿ ಪಳಗಿದ ಕತ್ತರಿ, ಮೊದಲ ಪುಟದಲ್ಲಿ ಯಾರದೋ ಸಹಿ ಇರುವ ಪುಸ್ತಕ, ಎಷ್ಟು ವರ್ಷ ಕೂತರೂ ಅಲುಗಾಡದ ಮರದ ಕುರ್ಚಿ, ಇಂಥವು ಸಿಕ್ಕಾಗ ಆಗುವ ಖುಷಿಯೇ ಬೇರೆ. ಕಷ್ಟ ಶುರುವಾಗಿದ್ದು ಅವೆಲ್ಲ ಮನೆಯೊಳಗೆ ಬಂದ ಮೇಲೆ. ಒಂದು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಐದು ಟೇಬಲ್ ಲ್ಯಾಂಪ್ ಇದ್ದವು, ಅದರಲ್ಲಿ ಉರಿಯುತ್ತಿದ್ದದ್ದು ಎರಡು. ಊಟದ ಮೇಜಿನ ಅರ್ಧ ಭಾಗ ರಿಪೇರಿಗೆ ಕಾದಿದ್ದ ಸಾಮಾನಿಗೇ ಹೋಗಿತ್ತು. ಅಕ್ಕ ಒಂದು ದಿನ ಬಂದವಳು ಕುರ್ಚಿ ಮೇಲಿದ್ದ ಬಟ್ಟೆ ಗಂಟನ್ನು ಎತ್ತಿ ನೆಲಕ್ಕಿಟ್ಟು ಕೂತಳು. ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲವೇನೋ.

ಆಮೇಲೆ ಸುಮಾರು ಎರಡು ವರ್ಷ ಒಂದೊಂದೇ ದಾರಿ ಹಿಡಿದು ನೋಡಿದೆ. ಒಂದೊಂದಕ್ಕೂ ನಾಲ್ಕೈದು ತಿಂಗಳಾದರೂ ಕೊಟ್ಟಿದ್ದೇನೆ, ಹಾಗಾಗಿ ಸುಮ್ನೆ ಓದಿ ಹೇಳುತ್ತಿರುವುದಲ್ಲ.

ಅದಕ್ಕೂ ಮುಂಚೆ ಒಂದು ಮಾತು. ಮನೆ ಖಾಲಿ ಮಾಡುವ ಬಗ್ಗೆ ಸಿಗುವ ಸಲಹೆ ಹೆಚ್ಚಾಗಿ ಹೊಸ ಸಾಮಾನು ಕೊಳ್ಳುವವರಿಗೆ ಹೇಳಿದ್ದು. ಹಳೆ ಸಾಮಾನಿನ ಲೆಕ್ಕ ಬೇರೆ. ಅಲ್ಲಿ ಪ್ರತಿಯೊಂದೂ ಒಂದೇ ಒಂದು. ಇವತ್ತು ಬಿಟ್ಟರೆ ನಾಳೆ ಇರುವುದಿಲ್ಲ. ಬೆಲೆ ಕಡಿಮೆ ಇರುವುದರಿಂದ ತಪ್ಪಿದರೂ ಹೋದದ್ದೇನು ಅನ್ನಿಸುತ್ತದೆ, ಜಾಗಕ್ಕೂ ಬೆಲೆ ಇದೆ ಅನ್ನುವುದು ಆ ಗಳಿಗೆಯಲ್ಲಿ ಹೊಳೆಯುವುದೇ ಇಲ್ಲ. ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಹಳೆ ಸಾಮಾನಿಗೆ ಬಹಳ ಸಲ ಕೆಲಸ ಬಾಕಿ ಇರುತ್ತದೆ: ತೊಳೆಯಬೇಕು, ಗುಂಡಿ ಹೊಲಿಯಬೇಕು, ವೈರ್ ಬದಲಿಸಬೇಕು. ಆ ಬಾಕಿ ಕೆಲಸವೇ ಮನೆಯಲ್ಲಿ ರಾಶಿಯಾಗಿ ಕೂತಿರುತ್ತದೆ.

ಒಂದು ಬಂದರೆ ಒಂದು ಹೊರಗೆ

ಎಲ್ಲರೂ ಮೊದಲು ಹೇಳುವ ನಿಯಮ ಇದು, ನಾನೂ ಇದರಿಂದಲೇ ಶುರು ಮಾಡಿದೆ. ನೆನಪಿಟ್ಟುಕೊಳ್ಳುವುದು ಸುಲಭ, ಮನೆಯವರಿಗೆಲ್ಲ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಆದರೆ ನಾಲ್ಕು ತಿಂಗಳಾದ ಮೇಲೆ ಹೊರಗೆ ಹೋದ ಸಾಮಾನಿನ ಪಟ್ಟಿ ನೋಡಿದರೆ ಬೇಜಾರಾಯಿತು. ಕುರ್ಚಿ ಒಳಗೆ ಬಂದಿತ್ತು, ಮುಕ್ಕಾದ ಕಪ್ ಹೊರಗೆ ಹೋಗಿತ್ತು. ದಪ್ಪ ಸ್ವೆಟರ್ ಬಂದಿತ್ತು, ಒಂಟಿ ಕಾಲುಚೀಲ ಹೋಗಿತ್ತು. ಎಣಿಕೆ ಸರಿಯಾಗಿಯೇ ಇತ್ತು, ಮನೆ ಮಾತ್ರ ಇನ್ನೂ ತುಂಬಿತ್ತು.

ಮೊದಲಿಂದ ಇದ್ದದ್ದನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ, ಅದೇ ಇದರ ತೊಡಕು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಜೊತೆಗಾರರೊಬ್ಬರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೆಲವು ವಿದ್ಯಾರ್ಥಿಗಳಿಗೆ ಸುಮ್ನೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕಾದರೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕಾದರೆ ಕೊಳ್ಳುತ್ತೀರಿ ಅಂತ ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ಜಾಸ್ತಿ ಇತ್ತು. ಆ ಮಗ್ ಅವರ ಕೈಗೆ ಬಂದು ಎಷ್ಟು ಹೊತ್ತಾಗಿತ್ತು ಹೇಳಿ! ಇನ್ನು ನಾವೇ ಹುಡುಕಿ, ಹೊತ್ತು ತಂದು, ತಿಕ್ಕಿ ತೊಳೆದ ಸಾಮಾನಿನ ಗತಿ? ಪ್ರತಿ ಸಲ ಹೊಸದೊಂದು ಬಂದಾಗ ಹಳೆಯದೊಂದನ್ನು ಆರಿಸು ಅಂದರೆ ಕೈ ಹೋಗುವುದು ನಮಗೆ ಬೇಡವೇ ಬೇಡವಾದ ಚಿಕ್ಕ ವಸ್ತುವಿನ ಕಡೆಗೇ.

ಬಟ್ಟೆಗೆ ಮಾತ್ರ ಈ ನಿಯಮ ಈಗಲೂ ಇಟ್ಟುಕೊಂಡಿದ್ದೇನೆ. ಶರ್ಟ್ ಬಂದರೆ ಶರ್ಟೇ ಹೋಗಬೇಕು ಅಂತ ಬಿಗಿ ಮಾಡಿದ ಮೇಲೆ ನಡೆಯುತ್ತಿದೆ. ಆದರೆ ಈಗಾಗಲೇ ತುಂಬಿರುವ ಮನೆಯನ್ನು ಇದು ಖಾಲಿ ಮಾಡುವುದಿಲ್ಲ, ಹಾಗೇ ತುಂಬಿಸಿ ಇಡುತ್ತದೆ, ಅಷ್ಟೇ.

ಮೂವತ್ತು ದಿನ ಕಾದು ಕೊಳ್ಳುವುದು

ಬೇಕು ಅನ್ನಿಸಿದ್ದನ್ನು ಬರೆದಿಟ್ಟು, 30 ದಿನ ಆದ ಮೇಲೂ ಬೇಕು ಅನ್ನಿಸಿದರೆ ಕೊಳ್ಳುವುದು. ಹೊಸ ಸಾಮಾನಿಗೆ ಇದು ಒಳ್ಳೆಯ ಅಭ್ಯಾಸ. ಹಳೆ ಸಾಮಾನಿಗೆ ಇದ್ದ ಹಾಗೇ ಹಾಕಿದರೆ ನಡೆಯುವುದಿಲ್ಲ. ಮೂವತ್ತು ದಿನ ಆದ ಮೇಲೆ ಹೋದರೆ ಅದು ಅಲ್ಲಿರುವುದಿಲ್ಲ, ಆ ಸಿಟ್ಟಿಗೆ ಇನ್ನೇನೋ ಎತ್ತಿಕೊಂಡು ಬರುತ್ತೇವೆ. ನನಗೆ ಹಾಗೆ ಎರಡು ಸಲ ಆಯಿತು.

ಹಾಗಾಗಿ ತಿರುಗಿಸಿ ಹಾಕಿದೆ. ವಸ್ತು ನೋಡಿದ ಮೇಲೆ ಕಾಯುವುದರ ಬದಲು, ಮನೆಯಲ್ಲಿ ಕೊರತೆ ಕಂಡಾಗಲೇ ಬರೆದಿಡುವುದು. ಹಾಸಿಗೆ ಪಕ್ಕಕ್ಕೆ ಸಣ್ಣ ಮೇಜು ಬೇಕು, ಅಗಲ 40 ಸೆಂಟಿಮೀಟರ್ ಮೀರಬಾರದು, ಎತ್ತರ ಹಾಸಿಗೆಯಷ್ಟು. ಹೀಗೆ ಅಳತೆ ಸಮೇತ. ಚೀಲದಲ್ಲಿ ಅಳತೆ ಟೇಪು ಸದಾ ಇರುತ್ತದೆ. ಪಟ್ಟಿಯಲ್ಲಿ ಒಂದು ತಿಂಗಳು ಉಳಿದದ್ದು ಕಣ್ಣಿಗೆ ಬಿದ್ದರೆ ಆಗಲೇ ತರಬಹುದು, ಯಾಕೆಂದರೆ ಕಾಯುವ ಕೆಲಸ ಮುಗಿದಿರುತ್ತದೆ. ಪೀಠೋಪಕರಣ, ಹತ್ಯಾರು, ಅಡುಗೆ ಪಾತ್ರೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಎಂಟು ತಿಂಗಳು ಹುಡುಕಿದ ಮೇಲೆ ಆ ಮೇಜು ಸಿಕ್ಕಿತು, ಈಗ ಅದರ ಮೇಲೇ ಲ್ಯಾಂಪ್ ಇದೆ.

ಪುಸ್ತಕ, ಪಿಂಗಾಣಿ, ಹಳೆ ಗಡಿಯಾರ ಇಂಥವಕ್ಕೆ ಮಾತ್ರ ಪಟ್ಟಿ ಸೋಲುತ್ತದೆ. ಇದೆ ಅಂತಲೇ ಗೊತ್ತಿಲ್ಲದ್ದನ್ನು ಮುಂಚೆಯೇ ಬರೆದಿಡುವುದು ಹೇಗೆ ಅಲ್ವಾ?

ತಾರೀಕು ಬರೆದ ಪೆಟ್ಟಿಗೆ

ಇದರ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಬೇಕೋ ಬೇಡವೋ ಗೊತ್ತಾಗದ ಸಾಮಾನನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪ್ ಹಚ್ಚಿ, ಆರು ತಿಂಗಳ ಮುಂದಿನ ತಾರೀಕು ಬರೆದು ಮೂಲೆಗಿಡುವುದು. ಆ ದಿನದವರೆಗೆ ಅದರಿಂದ ಏನೂ ಬೇಕಾಗದಿದ್ದರೆ ಪೆಟ್ಟಿಗೆ ಹಾಗೇ ಹೊರಗೆ. ಏಳು ಪೆಟ್ಟಿಗೆ ಮಾಡಿದೆ.

ಒಳ್ಳೆಯದು ಮೊದಲು ಹೇಳುತ್ತೇನೆ. ಒಂದೇ ಶನಿವಾರದಲ್ಲಿ ಊಟದ ಮೇಜು ಪೂರ್ತಿ ಖಾಲಿಯಾಯಿತು. ಯಾವುದನ್ನೂ ಎಸೆದಿಲ್ಲವಾದ್ದರಿಂದ ಮನೆಯಲ್ಲಿ ಜಗಳವೂ ಆಗಲಿಲ್ಲ. ನಾಲ್ಕು ಪೆಟ್ಟಿಗೆಗಳನ್ನು ಆರು ತಿಂಗಳು ಯಾರೂ ಮುಟ್ಟಲೇ ಇಲ್ಲ. ಒಳಗೇನಿದೆ ಅಂತ ನನಗೇ ನೆನಪಿರಲಿಲ್ಲ, ಅವನ್ನು ಕೊಟ್ಟಾಗ ಒಂದು ಚೂರೂ ನೋವಾಗಲಿಲ್ಲ.

ಉಳಿದ ಮೂರರ ಕತೆ ಬೇರೆ. ಎರಡಕ್ಕೆ ಹೊರಗಡೆ ಪಟ್ಟಿ ಅಂಟಿಸಿದ್ದೆ, ಹುಡುಕಲು ಸುಲಭವಾಗಲಿ ಅಂತ. ಆ ಪಟ್ಟಿಯನ್ನು ದಿನಾ ಓದಿ ಓದಿ ಎಲ್ಲವೂ ಬೇಕು ಅನ್ನಿಸತೊಡಗಿತು, ಮೂರನೇ ತಿಂಗಳಿಗೇ ಎರಡನ್ನೂ ಒಡೆದೆ. ಪಟ್ಟಿ ಅಂಟಿಸಬೇಡಿ. ಇನ್ನೊಂದರಲ್ಲಿ ಉಣ್ಣೆ ಸ್ವೆಟರ್‌ಗಳೂ ಪುಸ್ತಕಗಳೂ ಒಟ್ಟಿಗಿದ್ದವು, ಪೆಟ್ಟಿಗೆ ಒದ್ದೆ ಗೋಡೆಗೆ ತಾಗಿಕೊಂಡಿತ್ತು. ತೆಗೆದಾಗ ಪುಸ್ತಕದ ಅಂಚಿಗೆಲ್ಲ ಬೂಷ್ಟು, ಎರಡು ಸ್ವೆಟರ್‌ಗಳಲ್ಲಿ ಹುಳ ತಿಂದ ತೂತು. ಬಹಳ ಸಂಕಟವಾಯಿತು. ಗಾಳಿಯ ತೇವ ಶೇಕಡಾ 60 ದಾಟಿದ ಕಡೆ ಬೂಷ್ಟು ಹಿಡಿಯುವುದು ಸುಲಭ, ರಟ್ಟು ಬೇರೆ ತೇವ ಹೀರಿಕೊಳ್ಳುತ್ತದೆ. ಬಟ್ಟೆ ತಿನ್ನುವ ಹುಳಕ್ಕೆ ಕತ್ತಲು, ಅಲುಗಾಡದ ಜಾಗ, ಬೆವರು ಕೊಳೆ ಇರುವ ಉಣ್ಣೆ ಬಲು ಇಷ್ಟ. ನಾನು ಅವಕ್ಕೆ ಬೇಕಾದ್ದನ್ನೆಲ್ಲ ಒಂದೇ ಕಡೆ ಇಟ್ಟಿದ್ದೆ. ಪೆಟ್ಟಿಗೆ ಮಾಡುವುದಾದರೆ ಉಣ್ಣೆಯನ್ನು ತೊಳೆದು ಪೂರ್ತಿ ಒಣಗಿಸಿ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿಡಿ, ಪುಸ್ತಕ ಬೇರೆ ಇಡಿ, ನೆಲದಿಂದ ಮೇಲಿರಲಿ, ಗೋಡೆಗೆ ತಾಗದಿರಲಿ. ಹವಾಮಾನಕ್ಕೆ ತಕ್ಕಂತೆ ಬೇಕಾಗುವ ವಸ್ತುಗಳಿಗೆ ಆರು ತಿಂಗಳು ಸಾಲದು, ಒಂದು ವರ್ಷದ ತಾರೀಕು ಬರೆಯಿರಿ.

ಒಂದೇ ಸಲ, ಶುರುವಿನಲ್ಲಿ, ತುಂಬಿದ ಮನೆಗೆ ಉಸಿರಾಡಲು ಜಾಗ ಮಾಡೋಕೆ ಪೆಟ್ಟಿಗೆ ಒಳ್ಳೆಯದು. ಅದನ್ನೇ ಅಭ್ಯಾಸ ಮಾಡಿಕೊಂಡರೆ ಪೆಟ್ಟಿಗೆಗಳೇ ಹೊಸ ರಾಶಿ.

ಜಾಗಕ್ಕೆ ಮಿತಿ

ಈಗ ನಮ್ಮ ಮನೆಯಲ್ಲಿ ಉಳಿದಿರುವುದು ಇದು. ಎಣಿಕೆ ಇಲ್ಲ, ತಾರೀಕು ಇಲ್ಲ, ಒಂದೊಂದು ಬಗೆಯ ಸಾಮಾನಿಗೆ ಒಂದೊಂದು ಜಾಗ. ಪುಸ್ತಕಕ್ಕೆ ಹಾಲಿನಲ್ಲಿರುವ ಒಂದು ಕಪಾಟು. ಗಾಜಿನ ಜಾರ್‌ಗಳಿಗೆ ಒಂದು ಶೆಲ್ಫ್. ಲ್ಯಾಂಪ್‌ಗೆ ಎಲ್ಲೆಲ್ಲಿ ಪ್ಲಗ್ ಪಾಯಿಂಟೂ ಮೇಜೂ ಎರಡೂ ಇವೆಯೋ ಅಷ್ಟೇ, ಅಂದರೆ ಮೂರು. ಕಪಾಟು ತುಂಬುವವರೆಗೆ ಯಾರನ್ನೂ ಕೇಳಬೇಕಿಲ್ಲ. ತುಂಬಿದ ಮೇಲೆ ಹೊಸದು ಬರಬೇಕೆಂದರೆ ಅದೇ ಕಪಾಟಿನಿಂದ ಅಷ್ಟೇ ದಪ್ಪದ್ದು ಹೊರಡಬೇಕು.

ಹೊರಗಿಂದ ನೋಡಿದರೆ ಮೊದಲ ನಿಯಮದ ಹಾಗೇ ಕಾಣುತ್ತದೆ. ಮಾಡಿ ನೋಡಿದಾಗ ಬಹಳ ವ್ಯತ್ಯಾಸ ಇದೆ. ಅಲ್ಲಿ ಇಡೀ ಮನೆಯಿಂದ ಏನಾದರೊಂದು ಆರಿಸಬೇಕಿತ್ತು. ಇಲ್ಲಿ ಲ್ಯಾಂಪಿಗೆ ಲ್ಯಾಂಪೇ ಎದುರು, ಪುಸ್ತಕಕ್ಕೆ ಪುಸ್ತಕವೇ ಎದುರು. ಹಳೆ ಸಾಮಾನಿನ ಮಳಿಗೆಯಲ್ಲಿ ನಿಂತಾಗ ಕೇಳಿಕೊಳ್ಳುವ ಪ್ರಶ್ನೆಯೂ ಬದಲಾಯಿತು. ಇದು ಚೆನ್ನಾಗಿದೆಯಾ ಅಂತ ಕೇಳಿದರೆ ಉತ್ತರ ಯಾವಾಗಲೂ ಹೌದು. ನನ್ನ ಹಸಿರು ಲ್ಯಾಂಪಿಗಿಂತ ಚೆನ್ನಾಗಿದೆಯಾ ಅಂತ ಕೇಳಿದರೆ ಬಹಳ ಸಲ ಇಲ್ಲ ಅನ್ನುವ ಉತ್ತರವೇ ಬರುತ್ತದೆ. ಕೈಯಲ್ಲಿ ಹಿಡಿದ ವಸ್ತುವನ್ನು ನೆಮ್ಮದಿಯಿಂದ ವಾಪಸ್ ಇಟ್ಟು ಬರಲು ಸಾಧ್ಯವಾಗಿದ್ದು ಇದರಿಂದ ಮಾತ್ರ.

ಇದಕ್ಕೂ ಒಂದು ಕಂಡಿ ಇದೆ. ಜಾಗ ಸಾಲದಾದಾಗ ಕಪಾಟನ್ನೇ ಇನ್ನೊಂದು ತರಬಹುದಲ್ಲ? ನಾನು ತಂದೆ. ಚಂದದ ಹಳೆ ಮರದ ರ‍್ಯಾಕ್, ಎರಡೇ ತಿಂಗಳಲ್ಲಿ ತುಂಬಿತು. ಅದಾದ ಮೇಲೆ, ಇಡಲು ಬೇಕಾಗುವ ಯಾವ ವಸ್ತುವನ್ನೂ, ಅಂದರೆ ಬುಟ್ಟಿ, ಡಬ್ಬ, ಪೆಟ್ಟಿಗೆ, ರ‍್ಯಾಕ್, ಎಷ್ಟೇ ಚೆನ್ನಾಗಿದ್ದರೂ ತರುವುದಿಲ್ಲ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದೆವು. ಯಾರ ಜಾಗ ಯಾವುದು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ನನ್ನ ಪುಸ್ತಕ ಮಗಳ ಮೇಜಿನ ಮೇಲೆ ಹೋಗಿ ಕೂತರೆ ಅದು ಮಿತಿ ಅಲ್ಲವೇ ಅಲ್ಲ.

ಯಾವುದೇ ದಾರಿ ಹಿಡಿದರೂ ಬಾಗಿಲ ಬಳಿ ಒಂದು ನಿಲ್ದಾಣ

ಇದು ಐದನೇ ದಾರಿ ಅಲ್ಲ, ಎಲ್ಲದರ ಜೊತೆಗೂ ಬೇಕು. ಬಾಗಿಲ ಪಕ್ಕದಲ್ಲಿ ಒಂದು ಚಿಕ್ಕ ಜಾಗ, ಬಂದದ್ದೆಲ್ಲ ಮೊದಲು ಅಲ್ಲೇ ನಿಲ್ಲಬೇಕು. ಬಂದ ದಿನ ಬರೆದ ಚೀಟಿ ಅಂಟಿಸುತ್ತೇನೆ. 14 ದಿನದೊಳಗೆ ತೊಳೆದು, ರಿಪೇರಿಯಾಗಿ ಬಳಕೆಗೆ ಬರದಿದ್ದರೆ ಬಂದ ದಾರಿಯಲ್ಲೇ ವಾಪಸ್. ಬಾಕಿ ಕೆಲಸದ ರಾಶಿ ಕರಗಿದ್ದು ಇದರಿಂದಲೇ.

ಅಲ್ಲೇ ಪರೀಕ್ಷೆಯೂ ಆಗುತ್ತದೆ. ಬಟ್ಟೆ, ದಿಂಬು, ಬಟ್ಟೆ ಹೊದಿಸಿದ ಕುರ್ಚಿ ಬಂದರೆ ಹೊಲಿಗೆ ಸಾಲು, ಮಡಿಕೆ ಎಲ್ಲ ಟಾರ್ಚ್ ಹಾಕಿ ನೋಡುತ್ತೇನೆ. ತಿಗಣೆ ಇದ್ದರೆ ಚುಕ್ಕೆ ಚುಕ್ಕೆ ಕಪ್ಪು ಕಲೆ ಕಾಣುತ್ತದೆ. ಚೀಲದಲ್ಲಿ ಎರಡು ವಾರ ಕಟ್ಟಿಟ್ಟರೆ ಸಾಯುತ್ತವೆ ಅಂತ ನಂಬಬೇಡಿ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಬಿಸಿ ತಡೆಯುವ ಬಟ್ಟೆಯನ್ನು ಡ್ರೈಯರ್‌ನಲ್ಲಿ ಹೆಚ್ಚಿನ ಬಿಸಿಗೆ 30 ನಿಮಿಷ ಹಾಕಬೇಕು. ಬಿಸಿ ತಡೆಯದ ವಸ್ತುವಾದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುವ ಫ್ರೀಜರ್‌ನಲ್ಲಿ ನಾಲ್ಕು ದಿನ. ಮರದ ಸಾಮಾನಿನ ಕೆಳಗೆ ಕಪ್ಪು ಕಾಗದ ಹಾಸಿಡಿ. ಕೆಲವು ದಿನ ಬಿಟ್ಟು ನೋಡಿದಾಗ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳ ಇನ್ನೂ ಇದೆ ಅಂತ ಅರ್ಥ. ಹಳೆ ಲ್ಯಾಂಪಿನ ವೈರ್ ಬಗ್ಗಿಸಿದಾಗ ಮೇಲಿನ ಹೊದಿಕೆ ಬಿರುಕು ಬಿಟ್ಟರೆ ಪ್ಲಗ್ಗಿಗೆ ಹಾಕುವುದೇ ಬೇಡ, ಮೊದಲು ವೈರ್ ಬದಲಿಸಿ. ಬಣ್ಣ ಎದ್ದಿರುವ ಬಹಳ ಹಳೆಯ ಆಟಿಕೆಯನ್ನಂತೂ ಮಕ್ಕಳಿಗೆ ಕೊಡಬೇಡಿ, ಹಿಂದೆ ಬಣ್ಣದಲ್ಲಿ ಸೀಸ ಬಳಸುತ್ತಿದ್ದರು.

ಹೊರಗೆ ಕಳಿಸುವ ವಿಷಯದಲ್ಲಿ ಮಾರುವುದೋ ಕೊಡುವುದೋ ಅನ್ನುವುದನ್ನೂ ಹೋಲಿಸಿ ನೋಡಿದೆ. ಮಾರಿದರೆ ಒಂದಿಷ್ಟು ದುಡ್ಡು ಬರುತ್ತದೆ, ಆದರೆ ಫೋಟೊ ತೆಗೆದು, ಕೇಳಿದವರಿಗೆಲ್ಲ ಉತ್ತರ ಕೊಟ್ಟು, ಬರುತ್ತೇನೆ ಅಂದವರಿಗೆ ಕಾಯುವಷ್ಟರಲ್ಲಿ ವಸ್ತು ಮನೆಯಲ್ಲೇ ಇರುತ್ತದೆ. ಎರಡು ವಾರ ಮಾರಲು ನೋಡುತ್ತೇನೆ, ಆಗದಿದ್ದರೆ ಕೊಟ್ಟುಬಿಡುತ್ತೇನೆ. ಕೊಡುವ ಮುಂಚೆ ಬೇಕಾ ಅಂತ ಕೇಳುತ್ತೇನೆ. ಮುರಿದದ್ದನ್ನು ದಾನ ಅಂತ ಕೊಡುವುದು ತಪ್ಪು, ನಮ್ಮ ಮನೆಯ ಕಸವನ್ನು ವಿಂಗಡಿಸುವ ಕೆಲಸ ಅವರ ತಲೆಗೆ ಬೀಳುತ್ತದೆ. ಅಂಥದ್ದು ನೇರ ಗುಜರಿಗೆ.

ನಿಮ್ಮ ಮನೆ ಈಗಾಗಲೇ ಕಾಲಿಡಲಾಗದಷ್ಟು ತುಂಬಿದ್ದರೆ ಮೊದಲು ಪೆಟ್ಟಿಗೆ ಮಾಡಿ, ಆಮೇಲೆ ಜಾಗದ ಮಿತಿಗೆ ಬನ್ನಿ. ಕೊಳ್ಳುವುದು ಹೆಚ್ಚಾಗಿ ಪೀಠೋಪಕರಣವಾದರೆ ಅಳತೆಯ ಪಟ್ಟಿ ಒಂದೇ ಸಾಕು. ಪುಸ್ತಕ, ಪಿಂಗಾಣಿ ಸೇರಿಸುವ ನನ್ನಂಥವರಿಗೆ ಜಾಗದ ಮಿತಿ ಬಿಟ್ಟು ಬೇರೆ ಯಾವುದೂ ನಿಲ್ಲಲಿಲ್ಲ.

ಇವತ್ತು ಬಾಗಿಲ ಬಳಿ ಇರುವುದು ಒಂದು ಹೊಲಿಗೆ ಯಂತ್ರ, ಚೀಟಿಯ ಪ್ರಕಾರ ಒಂಬತ್ತನೇ ದಿನ. ಎಣ್ಣೆ ಹಾಕಿ ಆಯಿತು, ಚಕ್ರ ಸಲೀಸಾಗಿ ತಿರುಗುತ್ತಿದೆ, ಬೆಲ್ಟ್ ಮಾತ್ರ ಸಿಕ್ಕಿಲ್ಲ. ಇನ್ನು ಐದು ದಿನದಲ್ಲಿ ಸಿಕ್ಕರೆ ಕಿಟಕಿ ಪಕ್ಕದ ಜಾಗ ಅದಕ್ಕೆ ಕಾದಿದೆ. ಸಿಗದಿದ್ದರೆ ಬಿಡಿಭಾಗಕ್ಕೆ ಬೇಕು ಅಂದ ರಿಪೇರಿಯವರು ಒಯ್ಯುತ್ತಾರೆ, ಅವರಿಗೆ ಆಗಲೇ ಹೇಳಿಟ್ಟಿದ್ದೇನೆ.