ಗೊಂಬೆ ಕಾಡಿನ 8 ವರ್ಷ: 63 ಪ್ರಾಣಿ ಸಾಕಿದ ಮೇಲೆ

ಶುರುವಾಗಿದ್ದು 2017ರ ದಸರಾದಲ್ಲಿ. ನಮ್ಮನೇಲಿ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಕೆಳಗೆ ನೆಲದ ಮೂಲೆಯಲ್ಲಿ ಒಂದು ಕಾಡು. ಮೊಳಕೆ ಬಂದ ರಾಗಿಯ ಹುಲ್ಲು, ಕನ್ನಡಿ ಚೂರಿನ ಕೆರೆ. ಪ್ರಾಣಿಗಳು ಮಾತ್ರ ಜಾತ್ರೆಯಿಂದ ಪ್ಯಾಕೆಟ್ ಲೆಕ್ಕದಲ್ಲಿ ತಂದವು. ಒಳಗೆ ಪೊಳ್ಳು, ಬೆನ್ನುದ್ದಕ್ಕೂ ಅಚ್ಚಿನ ಗೆರೆ. ಆನೆ, ಸಿಂಹ, ಮೊಸಳೆ ಎಲ್ಲ ಒಂದೇ ಅಳತೆ. ಹಿಂದಿನ ವಾರವಷ್ಟೇ ಮೈಸೂರು ಮೃಗಾಲಯ ನೋಡಿ ಬಂದಿದ್ದ ಮಗಳು ಕೇಳಿದಳು: "ಅಮ್ಮಾ, ಈ ಆನೆ ಯಾಕೆ ಹಂದಿ ಥರ ಇದೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಬೆಂಗಳೂರಿಗೆ ಹೋದಾಗ ಒಂದು ಆಟಿಕೆ ಅಂಗಡಿಯಲ್ಲಿ ಶ್ಲೈಕ್ ಕಂಪನಿಯ ಹುಲಿ ಕಂಡಿತು. ಅಂಗಡಿ ಹುಡುಗ "ಸ್ಕ್ಲೀಚ್ ಮೇಡಂ, ಜರ್ಮನಿದು" ಅಂದ. ಬೆಲೆ ಕೇಳಿ ವಾಪಸ್ ಇಟ್ಟೆ. ಬಾಗಿಲ ತನಕ ಹೋಗಿ ತಿರುಗಿ ಬಂದು ತಗೊಂಡೆ. ಮನೆಗೆ ತಂದಾಗ ಅತ್ತೆ ಬಿಲ್ ನೋಡಿ, "ಏನಮ್ಮಾ, ಈ ದುಡ್ಡಿಗೆ ಒಂದು ಮೇಕೆ ಮರಿನೇ ಸಿಗ್ತಿತ್ತಲ್ಲ" ಅಂದರು. ಸ್ವಲ್ಪ ಜಾಸ್ತಿ ಹೇಳಿದರು, ಆದರೆ ತೀರಾ ಸುಳ್ಳಲ್ಲ.

ಈಗ 63 ಪ್ರಾಣಿಗಳಿವೆ. ಹೆಚ್ಚಿನವು ಶ್ಲೈಕ್, ಫ್ರಾನ್ಸಿನ ಪಾಪೋ, ಅಮೆರಿಕದ ಸಫಾರಿ ಲಿಮಿಟೆಡ್, ಹಾಂಗ್‌ಕಾಂಗ್‌ನ ಕಲೆಕ್ಟ್‌ಎ ಕಂಪನಿಗಳವು. ಎಲ್ಲ ಮಕ್ಕಳ ಕೈಲಿ ಆಡಿ, ವರ್ಷಕ್ಕೆ 10 ದಿನ ರಾಗಿ ಪೈರಿನ ಒದ್ದೆಯಲ್ಲಿ ನಿಂತು ಬಂದವು. ಗಾಜಿನ ಬೀರುವಿನಲ್ಲಿ ಇಟ್ಟು ಬರೆಯುತ್ತಿರುವ ವಿಮರ್ಶೆ ಇದಲ್ಲ.

ಮೊದಲೇ ಹೇಳಿಬಿಡುತ್ತೇನೆ: ಬಣ್ಣ ನೋಡಿ ತಗೋಬೇಡಿ, ಅಚ್ಚು ನೋಡಿ. ಈ ಗೊಂಬೆಗಳಿಗೆ ಬಣ್ಣ ಹಚ್ಚುವುದು ಬಹುತೇಕ ಕೈಯಲ್ಲೇ. ಒಂದೇ ಹುಲಿಯ ಎರಡು ಗೊಂಬೆ ಪಕ್ಕಪಕ್ಕ ಇಟ್ಟರೆ ಒಂದರ ಕಣ್ಣು ಚುರುಕಾಗಿರುತ್ತದೆ, ಇನ್ನೊಂದಕ್ಕೆ ನಿದ್ದೆ ಬಂದ ಹಾಗಿರುತ್ತದೆ. ಆ ಬಣ್ಣವೂ ಎರಡು ಮೂರು ವರ್ಷದಲ್ಲಿ ಕಿವಿ ತುದಿ, ಗೊರಸು, ಬಾಲದಿಂದ ಹೋಗಲು ಶುರು. ಅಚ್ಚು ಸರಿಯಿದ್ದರೆ ಬಣ್ಣ ಹೋದ ಮೇಲೂ ಹುಲಿ ಹುಲಿಯೇ.

ಅಚ್ಚು ನೋಡುವುದು ಹೇಗೆ? ನನ್ನ ಪರೀಕ್ಷೆ ಆನೆ. ಪೆಟ್ಟಿಗೆ ಮೇಲೆ ಸುಮ್ನೆ "ಎಲಿಫೆಂಟ್" ಅಂತಿದ್ದರೆ ಅದು ಸಾಮಾನ್ಯವಾಗಿ ಆಫ್ರಿಕಾದ ಆನೆ. ದೊಡ್ಡ ಕಿವಿ, ನಡುವೆ ತಗ್ಗಿದ ಬೆನ್ನು. ನಮ್ಮ ಆನೆಗೆ ಕಿವಿ ಚಿಕ್ಕದು, ಬೆನ್ನು ಉಬ್ಬಿರುತ್ತದೆ, ಹಣೆಯ ಮೇಲೆ ಎರಡು ಕುಂಭಸ್ಥಳ. ಸೊಂಡಿಲ ತುದಿಯಲ್ಲಿ ಬೆರಳಿನಂಥದ್ದು ಒಂದೇ, ಆಫ್ರಿಕಾದ್ದಕ್ಕೆ ಎರಡು. ನಮ್ಮ ಹೆಣ್ಣಾನೆಗೆ ಸಾಮಾನ್ಯವಾಗಿ ಹೊರಗೆ ಚಾಚುವ ದಂತ ಇರುವುದಿಲ್ಲ. ಆಫ್ರಿಕಾದ ಅಚ್ಚಿಗೆ ಅಂಬಾರಿ ಹೊರಿಸಿ ನಮ್ಮ ಆನೆ ಅಂತ ಮಾರುವವರನ್ನೂ ನೋಡಿದ್ದೇನೆ. ದಸರಾ ನೋಡಿ ಬೆಳೆದವರ ಹತ್ತಿರ ಇದು ನಡೆಯುತ್ತಾ?

ನನ್ನ ಹತ್ತಿರ ಇರುವುದರಲ್ಲಿ ಶ್ಲೈಕ್‌ನ ಏಷ್ಯಾದ ಗಂಡಾನೆ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಹೊಟ್ಟೆಯಡಿ ಕಂಪನಿ ಹೆಸರು, ಊರು, ಒಂದು ಇಸವಿ ಒತ್ತಿರುತ್ತಾರೆ. ಆ ಇಸವಿ ಅಚ್ಚು ಮಾಡಿದ್ದು, ಗೊಂಬೆ ತಯಾರಾದದ್ದಲ್ಲ. ಇದು ಗೊತ್ತಿಲ್ಲದೆ ಹಳೇ ಸ್ಟಾಕ್ ಕೊಟ್ಟಿದ್ದೀರಿ ಅಂತ ನಾನು ಅಂಗಡಿಯವನ ಜತೆ ಜಗಳ ಆಡಿದ್ದೇನೆ. ಪಾಪ.

ಪಾಪೋದವರ ಕೈ ಬೇರೆ. ಸ್ನಾಯು, ಚರ್ಮದ ಸುಕ್ಕು ಎಲ್ಲ ಎದ್ದು ಕಾಣುವ ಹಾಗೆ ಕೆತ್ತುತ್ತಾರೆ. ಅವರ ಟಿ. ರೆಕ್ಸ್ ಡೈನೋಸಾರ್ ಬಾಯಿ ತೆರೆದು ಮುಚ್ಚುತ್ತದೆ, ಅದರಲ್ಲಿ ಬೆರಳಿಟ್ಟು ಕಿರುಚುವುದು ನಮ್ಮನೆ ಮಕ್ಕಳ ಆಟ. ಕಲೆಕ್ಟ್‌ಎ ಬೇಕಾಗುವುದು ಬೇರೆಯವರು ಮಾಡದ ಪ್ರಾಣಿಗೆ. ಸಫಾರಿಯವರದು ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಉದ್ದ ಕೊಳವೆಯಲ್ಲಿ ಹತ್ತು ಹನ್ನೆರಡು ಪುಟಾಣಿ ಪ್ರಾಣಿ ಹಾಕಿ ಮಾರುತ್ತಾರಲ್ಲ, ಗೊಂಬೆ ಕೂರಿಸುವವರಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಅಳತೆಯ ವಿಷಯಕ್ಕೆ ಬಂದರೆ ಯಾರನ್ನೂ ನಂಬಬೇಡಿ. ಒಂದು ಭಾನುವಾರ ಮಗಳ ಸ್ಕೇಲ್ ಹಿಡಿದು ಕೂತೆ. ನನ್ನ ಗಂಡಾನೆ ಭುಜದ ಹತ್ತಿರ 12 ಸೆಂಟಿಮೀಟರ್. ನಿಜವಾದ ಗಂಡಾನೆ ಸುಮಾರು 2.75 ಮೀಟರ್ ಅಂದರೆ 23ರಲ್ಲಿ ಒಂದು ಪಾಲು. ಹುಲಿ 6 ಸೆಂಟಿಮೀಟರ್. ನಿಜವಾದ ಹುಲಿ ಭುಜದವರೆಗೆ ಸುಮಾರು 95 ಸೆಂಟಿಮೀಟರ್ ಅಂತಿಟ್ಟುಕೊಂಡರೆ 16ರಲ್ಲಿ ಒಂದು ಪಾಲು. ಆನೆಯ ಲೆಕ್ಕಕ್ಕೆ ಈ ಹುಲಿ 4 ಸೆಂಟಿಮೀಟರ್ ಚಿಲ್ಲರೆ ಇರಬೇಕಿತ್ತು. ಅದಕ್ಕೇ ನಮ್ಮ ಕಾಡಿನಲ್ಲಿ ಹುಲಿ ಯಾವಾಗಲೂ ಮುಂದೆ, ಆನೆ ಹಿಂದೆ. ದೂರದಲ್ಲಿರುವುದು ಚಿಕ್ಕದಾಗಿ ಕಾಣುತ್ತದೆ ಅಂತ ಬಂದವರಿಗೆ ಹೇಳುತ್ತೇವೆ.

ಈಗ ನಷ್ಟದ ಕತೆ. 2019ರ ದಸರಾ ಮುಗಿದ ಮೇಲೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಮೇಲೆ ಶೀಟಿನ ಮಾಡು, ಅದರ ಮೇಲೆ ಏಪ್ರಿಲ್ ಬಿಸಿಲು. ತೆಗೆದಾಗ ಒಂದು ಜೀಬ್ರಾ ಅಂಟಂಟು, ಬೆಲ್ಲದ ಪಾಕದಲ್ಲಿ ಅದ್ದಿದ ಹಾಗೆ. ಜಿಂಕೆಯ ನಾಲ್ಕೂ ಕಾಲು ಜಾರುಬಂಡೆ ಮೇಲೆ ನಿಂತಂತೆ ಅಗಲಿಸಿದ್ದವು. ಕಂಪನಿ ಹೆಸರು ಹೇಳುವುದಿಲ್ಲ, ತಪ್ಪು ನನ್ನದೂ ಇತ್ತು. ಈ ಗೊಂಬೆಗಳಲ್ಲಿ ಬಹುಪಾಲು ಪಿವಿಸಿ. ಅದು ಮೂಲದಲ್ಲಿ ಗಟ್ಟಿ ಪ್ಲಾಸ್ಟಿಕ್, ಮೆತ್ತಗಾಗಲಿ ಅಂತ ಎಣ್ಣೆಯಂಥ ವಸ್ತು ಬೆರೆಸುತ್ತಾರೆ. ಗಾಳಿಯಾಡದ ಬಿಸಿ ಜಾಗದಲ್ಲಿಟ್ಟರೆ ಅದು ಮೇಲೆ ಒಸರುತ್ತದೆ. ಜೀಬ್ರಾವನ್ನು ಸೋಪು ನೀರಲ್ಲಿ ಮೂರು ಸಲ ತೊಳೆದೆ, ಮತ್ತೆ ಮತ್ತೆ ಅಂಟಾಯಿತು. ಕೊನೆಗೆ ಬಿಸಾಡಿದೆ.

ಜಿಂಕೆ ಮಾತ್ರ ಉಳಿಯಿತು. ಸ್ಟೌವಿನಿಂದ ಇಳಿಸಿದ ಬಿಸಿ ನೀರಲ್ಲಿ ಒಂದೆರಡು ನಿಮಿಷ ಕಾಲು ಮುಳುಗಿಸಿದೆ. ಮೆತ್ತಗಾದಾಗ ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಲ್ಲಿ ಅದ್ದಿದೆ. ನಿಂತುಬಿಟ್ಟಿತು! ಕುದಿಯುವಾಗಲೇ ಹಾಕಬೇಡಿ, ಬಣ್ಣ ಏಳುತ್ತದೆ. ಧೂಳಿಗೆ ಹಳೇ ಟೂತ್‌ಬ್ರಶ್ಶು, ತೆಳು ಸೋಪು ನೀರು ಸಾಕು. ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಈಗ ಹತ್ತಿ ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಡಬ್ಬದಲ್ಲಿ, ಮಂಚದ ಕೆಳಗೆ ಇಡುತ್ತೇನೆ. ಐದು ವರ್ಷದಿಂದ ಒಂದೂ ಅಂಟಾಗಿಲ್ಲ.

ಬೆಲೆ ಬಗ್ಗೆ ಹೇಳದಿದ್ದರೆ ಆಗುತ್ತಾ? 2020ರ ಬಜೆಟ್‌ನಲ್ಲಿ ಹೊರಗಿಂದ ಬರುವ ಆಟಿಕೆಗಳ ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನಾನು ಹೋಗುತ್ತಿದ್ದ ಅಂಗಡಿಯ ಕಪಾಟಿನಲ್ಲಿ ಕೆಲವು ತಿಂಗಳು ಪ್ರಾಣಿಗಳೇ ಇರಲಿಲ್ಲ. ಮೊದಲು ತಿಂಗಳಿಗೊಂದು ತರುತ್ತಿದ್ದವಳು ಈಗ ವರ್ಷಕ್ಕೆ ಮೂರು ನಾಲ್ಕು ತಂದರೆ ಹೆಚ್ಚು. ಹಾಗಂತ ಅರ್ಧ ಬೆಲೆಗೆ ಆನ್‌ಲೈನಿನಲ್ಲಿ ಸಿಕ್ಕಿದ್ದಕ್ಕೆ ಬೀಳಬೇಡಿ. ನನಗೆ ಬಂದ ಒಂದು "ಒರಿಜಿನಲ್" ಕರಡಿಯ ಹೊಟ್ಟೆಯಡಿ ಏನೂ ಬರೆದಿರಲಿಲ್ಲ, ಸೀಮೆಎಣ್ಣೆ ವಾಸನೆ ಬೇರೆ.

ನನ್ನ ದೊಡ್ಡ ತಕರಾರು ಬೇರೆ. ಹೋಲ್‌ಸ್ಟೀನ್ ಹಸು ಎಲ್ಲಿ ಕೇಳಿದರೂ ಸಿಗುತ್ತದೆ. ಹಳ್ಳಿಕಾರ್ ಹೋರಿ, ಆ ಹಿಂದಕ್ಕೆ ಬಾಗಿದ ಉದ್ದ ಕೋಡು, ನೀಳ ಮುಖ, ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ಮನಸ್ಸಿಗೆ ಒಪ್ಪುವ ಕಾಟಿ, ಅಂದರೆ ಕಾಡೆಮ್ಮೆಯೂ ಸಿಕ್ಕಿಲ್ಲ. ಕಬಿನಿ ಹಿನ್ನೀರಿನ ಹತ್ತಿರ ಒಮ್ಮೆ ನೋಡಿದ್ದೆ. ಮೈಯೆಲ್ಲ ಕಪ್ಪು, ಮೊಣಕಾಲಿಂದ ಕೆಳಗೆ ಬಿಳಿ ಕಾಲುಚೀಲ, ಭುಜದ ಮೇಲೆ ಎದ್ದ ದಿಬ್ಬ. ಕಾಡೆಮ್ಮೆ ಅಂತ ನಮ್ಮ ಗೊಂಬೆ ಕಾಡಿನಲ್ಲಿ ನಿಲ್ಲಿಸಿರುವುದು ಅಮೆರಿಕದ ಬೈಸನ್. ಯಾರೂ ಕೇಳಿಲ್ಲ ಇನ್ನೂ.

ಮೊದಲ ಹುಲಿ ಇನ್ನೂ ಇದೆ. ಬಾಲದ ಪಟ್ಟೆ ಪೂರ್ತಿ ಹೋಗಿದೆ. ಕಿವಿಯ ಹಿಂದೆ ಇರಬೇಕಾದ ಬಿಳಿ ಚುಕ್ಕೆಯೂ ಅಳಿಸಿತ್ತು. ಹೋದ ತಿಂಗಳು ಟೂತ್‌ಪಿಕ್ ತುದಿಯಲ್ಲಿ ಅಕ್ರಿಲಿಕ್ ಬಣ್ಣ ತಗೊಂಡು ನಾನೇ ಇಟ್ಟೆ. ಎಡಗಿವಿಯದು ಸರಿಯಾಗಿ ಬಂತು. ಬಲಗಿವಿಯದು ಸ್ವಲ್ಪ ಹರಡಿತು. ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಮೇಕೆ ಮರಿ ಅಲ್ವಾ?" ಅಂದರು.