ಹೊಸ ಪೇಂಟ್, ಹಳೇ ಟ್ಯಾಂಕ್: ಕಂಪ್ರೆಸರ್ ಕೊಳ್ಳುವವರು ದಯವಿಟ್ಟು ಓದಿ

ಮನೆ ಗ್ಯಾರೇಜಿಗೆ ಸಣ್ಣ ಏರ್ ಕಂಪ್ರೆಸರ್ ತಗೊಳ್ಳುವ ಯೋಚನೆ ಇದೆಯಾ? ಹಾಗಿದ್ದರೆ ಮೋಟರ್ ಎಷ್ಟು ಎಚ್‌ಪಿ ಅಂತ ಕೇಳುವ ಮುಂಚೆ ಟ್ಯಾಂಕಿನ ತಳ ನೋಡಿ. ಬಗ್ಗಿ, ಟಾರ್ಚ್ ಬಿಟ್ಟು ನೋಡಿ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹೊಸದು ಅಂತ ಹೇಳಿ ನನಗೆ ಕೊಟ್ಟ ಮಷೀನಿನಲ್ಲಿ ಇದ್ದದ್ದು ತುಕ್ಕು ತಿಂದ ಹಳೇ ಟ್ಯಾಂಕ್. ತೂತುಗಳಿಗೆ ಪುಟ್ಟಿ ಮೆತ್ತಿ, ಮೇಲೆ ನೀಲಿ ಪೇಂಟ್ ಹೊಡೆದಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಕಾರು, ಬೈಕಿನ ಟೈರಿಗೆ ಗಾಳಿ, ಏರ್ ಫಿಲ್ಟರ್ ಧೂಳು ಹೊಡೆಯುವುದು, ಆಗಾಗ ಗೇಟು, ಗ್ರಿಲ್ಲಿಗೆ ಸ್ಪ್ರೇ ಪೇಂಟ್. 50 ಲೀಟರ್ ಟ್ಯಾಂಕ್, 2 ಎಚ್‌ಪಿ ಮೋಟರ್ ಇರುವುದನ್ನು ತೋರಿಸಿದರು. “ಕಂಪನಿ ಪೀಸ್ ಐತ್ರೀ ಅಣ್ಣಾರ, ಹತ್ತ ವರ್ಷ ಏನೂ ಆಗಂಗಿಲ್ಲ” ಅಂದರು. ಚಕ್ರ ಹೊಸದು, ಗೇಜ್ ಹೊಸದು, ಹೋಸ್ ಪೈಪ್ ಹೊಸದು. ಬಿಲ್ಲಿನಲ್ಲಿ ಮಾತ್ರ ‘ಏರ್ ಕಂಪ್ರೆಸರ್ 1’ ಅಂತಷ್ಟೇ ಬರೆದರು. ಸೀರಿಯಲ್ ನಂಬರ್ ಹಾಕಿ ಅಂದರೆ, “ಇದಕ್ಕೆಲ್ಲಾ ನಂಬರ್ ಬರಂಗಿಲ್ರೀ” ಅಂತ ಮುಗಿಸಿಬಿಟ್ಟರು.

ಮೊದಲು ಅನುಮಾನ ಬಂದದ್ದು ನೀರು ನೋಡಿ. ಗಾಳಿಯನ್ನು 8 ಬಾರ್‌ವರೆಗೆ (ಬಾರ್ ಅಂದರೆ ಒತ್ತಡದ ಅಳತೆ) ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಎಲ್ಲ ಕಂಪ್ರೆಸರಿನಲ್ಲೂ ಇದು ಇದ್ದದ್ದೇ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಂತೂ ಕೇಳುವುದೇ ಬೇಡ. ಅದಕ್ಕೇ ಕೆಳಗೆ ಡ್ರೇನ್ ಕಾಕ್ ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತಿರುಗಿಸಿ ನೀರು ಬಿಡಬೇಕು. ಹೊಸ ಟ್ಯಾಂಕಿನಿಂದ ಹೆಚ್ಚುಕಮ್ಮಿ ತಿಳಿ ನೀರು ಬರಬೇಕು. ನನ್ನದರಿಂದ ಮೊದಲ ಸಲವೇ ಕಂದು ಬಣ್ಣದ ನೀರು ಬಂತು. ಬೆರಳಲ್ಲಿ ಉಜ್ಜಿದರೆ ತುಕ್ಕಿನ ಹುಡಿ ಮರಳಿನಂತೆ ಸಿಗುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. “ಹೊಸಾದ್ರಾಗ ಹಂಗ ಬರ್ತೈತ್ರೀ, ನಾಕ್ ದಿನಾ ಬಿಡ್ರಿ, ತಾನ ಹೋಗ್ತೈತಿ” ಅಂದರು.

ಒಂದು ಸಂಜೆ ಪಕ್ಕದ ಮನೆ ಹುಡುಗರು ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳಲು ಬಂದಿದ್ದರು. ಟ್ಯಾಂಕ್ ತುಂಬಿ ಮೋಟರ್ ನಿಂತಿತು. ನಿಂತ ಕೂಡಲೇ ಪ್ರೆಷರ್ ಸ್ವಿಚ್ ಹತ್ತಿರ ‘ಸುಸ್’ ಅಂತ ಒಂದು ಸದ್ದು ಬರುತ್ತದೆ. ಪೈಪಿನಲ್ಲಿ ಉಳಿದ ಗಾಳಿ ಹೊರಗೆ ಹೋಗುವ ಸದ್ದು ಅದು, ಒಂದೆರಡು ಸೆಕೆಂಡಿಗೆ ನಿಲ್ಲುತ್ತದೆ. ಆವತ್ತು ನಿಲ್ಲಲೇ ಇಲ್ಲ. ಕಿವಿಗೊಟ್ಟರೆ ಸದ್ದು ಬರುತ್ತಿದ್ದದ್ದು ಟ್ಯಾಂಕಿನ ಕೆಳಗಿಂದ. ಹುಡುಗರನ್ನು ಹೊರಗೆ ಕಳಿಸಿದೆ. ಪ್ಲಗ್ ಕಿತ್ತೆ. ಉದ್ದ ಹೋಸಿನ ತುದಿ ಹಿಡಿದು ಹೊರಗೆ ನಿಂತು ಗಾಳಿ ಪೂರ್ತಿ ಬಿಟ್ಟೆ. ನಿಮಗೂ ಇಂಥ ಸದ್ದು ಕೇಳಿದರೆ ಹೀಗೇ ಮಾಡಿ. ಗಾಳಿ ತುಂಬಿರುವಾಗ ಟ್ಯಾಂಕನ್ನು ಉರುಳಿಸಬೇಡಿ, ತಟ್ಟಬೇಡಿ, ಸೋರುವ ಕಡೆ ಮುಖ ಹಿಡಿಯಬೇಡಿ.

ಖಾಲಿ ಆದ ಮೇಲೆ ಮಗುಚಿ ನೋಡಿದೆ. ಮುಂದಿನ ಕಾಲಿನ ವೆಲ್ಡಿಂಗ್ ಪಕ್ಕದಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಪೇಂಟಿನ ಜೊತೆ ಬೂದು ಬಣ್ಣದ ಪುಟ್ಟಿ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಕಾರಿನ ಡೆಂಟಿಂಗ್‌ಗೆ ಹಾಕುತ್ತಾರಲ್ಲ, ಅದೇ ಪುಟ್ಟಿ. ಕೆಳಗೆ ತಗಡಿನ ತುಂಬ ತುಕ್ಕಿನ ಗುಳಿ. ಅದರಲ್ಲೊಂದು ಸೂಜಿಮೊನೆಯಷ್ಟು ಆರಪಾರ ತೂತು. ಇನ್ನೊಂದು ಬದಿಯಲ್ಲಿ ಸ್ಟಿಕ್ಕರ್ ಅಂಟಿಸಿದ್ದರು. ಅದನ್ನು ಕಿತ್ತರೆ ಅಡಿಯಲ್ಲಿ ರಿವೆಟ್ ಕಿತ್ತ ಗುರುತು: ಮೊದಲಿದ್ದ ನೇಮ್ ಪ್ಲೇಟನ್ನು ತೆಗೆದಿದ್ದರು.

“ಸೇಫ್ಟಿ ವಾಲ್ವ್ ಐತಲ್ರೀ, ಯಾಕ ಹೆದರ್ತೀರಿ?” ಇದು ಅಂಗಡಿಯವರ ಮಾತು. ಬಹಳ ಜನ ಇದನ್ನೇ ನಂಬಿದ್ದಾರೆ. ಗಾಳಿಯ ಒತ್ತಡ ಮಿತಿ ಮೀರಿದಾಗ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ, ಅಷ್ಟೇ. ತಗಡು ತೆಳುವಾಗಿರುವುದು ಅದಕ್ಕೆ ಗೊತ್ತಾಗುವುದಿಲ್ಲ. ತುಕ್ಕು ತಿಂದ ಟ್ಯಾಂಕ್ ಮಿತಿಯ ಒಳಗೇ, ವಾಲ್ವ್ ಸುಮ್ಮನಿದ್ದಾಗಲೇ ಸೀಳಬಹುದು. 50 ಲೀಟರ್ ಟ್ಯಾಂಕಿನಲ್ಲಿ 8 ಬಾರ್ ಗಾಳಿ ಇದ್ದರೆ ಅದರ ಶಕ್ತಿ ಸುಮಾರು 50 ಕಿಲೋಜೂಲ್. ಸಾವಿರ ಕಿಲೋ ತೂಕದ ಕಾರನ್ನು 5 ಮೀಟರ್ ಮೇಲಿಂದ ಬಿಟ್ಟಷ್ಟು ಹೊಡೆತ ಅದು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸೈಕಲ್ಲಿಗೆ ಗಾಳಿ ಹಿಡಿಯುವ ಹುಡುಗನನ್ನು ನೆನೆಸಿಕೊಂಡರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

“ತೂತಿಗೆ ಒಂದು ವೆಲ್ಡಿಂಗ್ ಹೊಡಸ್ರಿ, ಆತು” ಅಂತಲೂ ಹೇಳಿದರು. ಖಂಡಿತ ಬೇಡ. ಒಂದು ಕಡೆ ತೂತು ಬಿದ್ದಿದೆ ಅಂದರೆ ಸುತ್ತಲಿನ ತಗಡೂ ಸವೆದಿದೆ ಅಂತಲೇ ಅರ್ಥ. ವೆಲ್ಡಿಂಗ್ ಶಾಖಕ್ಕೆ ಅದು ಇನ್ನಷ್ಟು ಹಾಳಾಗುತ್ತದೆ. ಟ್ಯಾಂಕ್ ಗಟ್ಟಿ ಇದೆಯಾ ಅಂತ ತಿಳಿಯಲು ಹೈಡ್ರೋ ಟೆಸ್ಟ್ ಇದೆ. ಟ್ಯಾಂಕಿಗೆ ಪೂರ್ತಿ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಜಾಸ್ತಿ ಒತ್ತಡ ಕೊಟ್ಟು ನೋಡುತ್ತಾರೆ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಹಾಗಾಗಿ ಸೀಳಿದರೂ ಸಿಡಿಯುವುದಿಲ್ಲ. ಇದನ್ನು ಗೊತ್ತಿದ್ದವರ ಹತ್ತಿರವೇ ಮಾಡಿಸಬೇಕು.

ಸೆಕೆಂಡ್ ಹ್ಯಾಂಡ್ ಮಾಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಗೋಕುಲ ರಸ್ತೆ, ತಾರಿಹಾಳದಂಥ ಕೈಗಾರಿಕೆ ಇರುವ ಊರು ನಮ್ಮದು. ಹಳೇ ಮಷೀನ್ ಕೈ ಬದಲಾಗುವುದು ಸಹಜ. ಹಳೇದನ್ನು ಹಳೇದು ಅಂತ ಹೇಳಿ ಮಾರಲಿ, ನೋಡಿ ತಗೊಳ್ಳೋಣ. ಪುಟ್ಟಿ ಮೆತ್ತಿ ಹೊಸದು ಅನ್ನುವುದು ಜೀವದ ಜೊತೆ ಆಟ.

ಹಾಗಾಗಿ ಅಂಗಡಿಯಲ್ಲೇ ಇಷ್ಟು ನೋಡಿಕೊಳ್ಳಿ. ಟ್ಯಾಂಕಿಗೆ ಲೋಹದ ನೇಮ್ ಪ್ಲೇಟ್ ಇರಬೇಕು, ಅದರಲ್ಲಿ ಸೀರಿಯಲ್ ನಂಬರ್, ತಯಾರಾದ ವರ್ಷ, ಗರಿಷ್ಠ ಒತ್ತಡ ಓದಲು ಬರಬೇಕು. ಆ ನಂಬರ್ ಬಿಲ್ಲಿನಲ್ಲೂ ಬರಬೇಕು. ಡ್ರೇನ್ ಕಾಕಿನ ಥ್ರೆಡ್ ಮೇಲೆ ಪೇಂಟ್ ಹತ್ತಿದ್ದರೆ ಮೇಲಿಂದ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ಅನುಮಾನಪಡಿ. ಕಾಲಿನ ವೆಲ್ಡಿಂಗ್ ಸುತ್ತ ಅಯಸ್ಕಾಂತ ಆಡಿಸಿ. ಪುಟ್ಟಿ ದಪ್ಪಗಿರುವ ಕಡೆ ಅದು ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಒಂದು ಸಲ ತುಂಬಿಸಿ, ನೀರು ಬಿಡಿಸಿ, ಬಣ್ಣ ನೋಡಿ.

ಮೋಟರಿನಲ್ಲೂ ನನಗೆ ಮೋಸವೇ ಆಗಿತ್ತು. ಸ್ಟಿಕ್ಕರ್ ಮೇಲೆ ನಿಮಿಷಕ್ಕೆ 200 ಲೀಟರ್ ಅಂತಿತ್ತು. ಪರೀಕ್ಷೆ ಸುಲಭ: ಖಾಲಿ ಟ್ಯಾಂಕ್ 8 ಬಾರ್ ಆಗಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನೋಡಿ. 50 ಲೀಟರ್ ಟ್ಯಾಂಕಿಗೆ 50 ಗುಣಿಸು 8, ಅಂದರೆ 400 ಲೀಟರ್ ಗಾಳಿ ಹೋಗುತ್ತದೆ. ನನ್ನದಕ್ಕೆ ಐದು ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ 80 ಲೀಟರ್ ಅಷ್ಟೇ. ಟೈರಿಗೆ, ಧೂಳು ಹೊಡೆಯಲು ಅಷ್ಟು ಸಾಕು. ಆದರೆ ದೊಡ್ಡ ಸ್ಪ್ರೇ ಗನ್ನುಗಳು 200 ಲೀಟರಿಗಿಂತ ಜಾಸ್ತಿ ಕೇಳುತ್ತವೆ, ಅಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದಾಗ 5 ಆಂಪಿಯರ್ ಬಂತು. ನಿಜವಾದ 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಪೂರ್ತಿ ಲೋಡಿನಲ್ಲಿ 9 ಆಂಪಿಯರ್ ಆಸುಪಾಸು ಎಳೆಯಬೇಕು. ಬರೀ ಟೈರಿಗೆ ಗಾಳಿ ಸಾಕು ಅನ್ನುವವರಿಗೆ ಟ್ಯಾಂಕೇ ಬೇಡ, ಕಾರಿನ 12 ವೋಲ್ಟಿನ ಇನ್‌ಫ್ಲೇಟರ್ ಸಾಕು. ಮಧ್ಯೆ ಮಧ್ಯೆ ಆರಲು ಬಿಡಿ.

ಅಂಗಡಿಯವರು ಮೊದಲು ಮಾತೇ ಕೇಳಲಿಲ್ಲ. ಫೋಟೋ, ವಿಡಿಯೋ ತೋರಿಸಿ, 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಅಂದೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಆಗ “ಮಷೀನ್ ತಂದಬಿಡ್ರಿ, ರೊಕ್ಕಾ ಕೊಡ್ತೇನಿ” ಅಂದರು. ಮೋಟರ್, ಪಂಪ್ ವಾಪಸ್ ಕೊಡುತ್ತೇನೆ, ಟ್ಯಾಂಕ್ ಕೊಡುವುದಿಲ್ಲ ಅಂದೆ. ಕೊಟ್ಟರೆ ಮತ್ತೆ ಪುಟ್ಟಿ, ಮತ್ತೆ ಪೇಂಟ್, ಮತ್ತೊಬ್ಬರ ಮನೆ, ಅಲ್ವಾ? ಟ್ಯಾಂಕಿನ ದುಡ್ಡು ಹಿಡಿದುಕೊಂಡು ಉಳಿದದ್ದು ಕೊಟ್ಟರು. ಟ್ಯಾಂಕಿನ ವಾಲ್ವುಗಳನ್ನೆಲ್ಲ ಬಿಚ್ಚಿ, ಒಳಗಿನ ಎಣ್ಣೆ, ನೀರು ತೆಗೆದು, ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಎರಡು ಹೋಳು ಮಾಡಿಸಿದೆ. ಅಲ್ಲಿಯ ಹುಡುಗ ಕ್ಯಾಲಿಪರ್ ಹಿಡಿದು ನೋಡಿದ. ತಳದ ತಗಡು ಮೇಲಿನದರ ಅರ್ಧದಷ್ಟೂ ಉಳಿದಿರಲಿಲ್ಲ. ನಿಮ್ಮಲ್ಲೂ ಸೋರುವ ಹಳೇ ಟ್ಯಾಂಕ್ ಇದ್ದರೆ ಇಡಿಯಾಗಿ ಗುಜರಿಗೆ ಹಾಕಬೇಡಿ, ಹೀಗೆ ಕೊಯ್ಸಿಯೇ ಹಾಕಿ.