ಎಡ್ಜ್ ಬೇಸಿಗೆ ಕಾರ್ಯಕ್ರಮ: ತರಗತಿಯ ಹೊರಗಿನ ಗಣಿತಕ್ಕೊಂದು ವ್ಯವಸ್ಥೆ

ಅಮೆರಿಕದಲ್ಲಿ ಗಣಿತ ವಿಜ್ಞಾನಗಳ ಪಿಎಚ್.ಡಿ.ಗೆ ಸೇರಲಿರುವ ಮಹಿಳೆಯರಿಗಾಗಿ, ಅದರಲ್ಲೂ ಕಪ್ಪು ಜನಾಂಗವೂ ಸೇರಿದಂತೆ ಅಲ್ಪಸಂಖ್ಯಾತ ಸಮುದಾಯಗಳಿಂದ ಬಂದವರನ್ನು ವಿಶೇಷವಾಗಿ ಗಮನದಲ್ಲಿಟ್ಟುಕೊಂಡು ನಡೆದುಬಂದಿರುವ ಎಡ್ಜ್ (ಎನ್‌ಹ್ಯಾನ್ಸಿಂಗ್ ಡೈವರ್ಸಿಟಿ ಇನ್ ಗ್ರಾಜುಯೇಟ್ ಎಜುಕೇಶನ್) ಕಾರ್ಯಕ್ರಮವನ್ನು 1998ರಲ್ಲಿ ಆರಂಭಿಸಿದವರು ಬ್ರಿನ್ ಮಾರ್ ಕಾಲೇಜಿನ ರೋಂಡಾ ಹ್ಯೂಸ್ ಮತ್ತು ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನ ಸಿಲ್ವಿಯಾ ಬೋಜ್‌ಮನ್. ಎರಡೂ ಮಹಿಳಾ ಕಾಲೇಜುಗಳು. ಅಲ್ಲಿಂದ ಒಳ್ಳೆಯ ಅಂಕಗಳೊಂದಿಗೆ ಹೊರಬಿದ್ದವರು ದೊಡ್ಡ ವಿಶ್ವವಿದ್ಯಾಲಯದ ಮೊದಲ ವರ್ಷವನ್ನು ದಾಟಬೇಕಾದರೆ ಇನ್ನೂ ಏನು ಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ರೂಪುಗೊಂಡ ಸೇವೆ ಇದೆಂದು ಹೇಳಬಹುದು. ಇಲ್ಲಿ ನಾನು ಪರಿಶೀಲಿಸುತ್ತಿರುವುದು ಈ ಸೇವೆಯ ರಚನೆಯನ್ನು ಮಾತ್ರ.

ಅದರ ಮಹತ್ವ ಅರ್ಥವಾಗಬೇಕಾದರೆ ಕಪ್ಪು ಗಣಿತಜ್ಞೆ ವಿವಿಯೆನ್ ಮೆಲೋನ್ ಮೇಯ್ಸ್ ಅವರ ಅನುಭವವನ್ನು ನೆನೆಯಬೇಕು. 1961ರಲ್ಲಿ ಬೇಲರ್ ವಿಶ್ವವಿದ್ಯಾಲಯ ಜನಾಂಗದ ಕಾರಣಕ್ಕೆ ಪ್ರವೇಶ ನಿರಾಕರಿಸಿದ ಮೇಲೆ ಅವರು ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಪ್ರವೇಶ ಸಿಕ್ಕಿತು, ಆದರೆ ಮಾರ್ಗದರ್ಶಕರೂ ಸಹಪಾಠಿಗಳೂ ಗಣಿತ ಚರ್ಚಿಸುತ್ತ ಕುಳಿತುಕೊಳ್ಳುತ್ತಿದ್ದ ಕಾಫಿ ಅಂಗಡಿಯಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. 1966ರಲ್ಲಿ ಅವರು ಪಿಎಚ್.ಡಿ. ಪಡೆದು ಅದೇ ಬೇಲರ್‌ನ ಮೊದಲ ಕಪ್ಪು ಅಧ್ಯಾಪಕಿಯಾದರು ಎಂಬುದು ನಿಜವಾದರೂ, ಪಾಠಕ್ಕಿಂತ ಹೆಚ್ಚಿನದನ್ನು ಕಲಿಸುವ ಆ ಮೇಜಿನ ಮಾತುಕತೆಯಿಂದ ಅವರು ಹೊರಗುಳಿಯಬೇಕಾಯಿತು. ಕಾನೂನು ಬದಲಾದ ಮಾತ್ರಕ್ಕೆ ಇಂಥ ಮೇಜುಗಳು ತಾವಾಗಿಯೇ ಎಲ್ಲರಿಗೂ ತೆರೆದುಕೊಳ್ಳುವುದಿಲ್ಲ.

ಎಡ್ಜ್ ಒದಗಿಸಲು ಹೊರಟಿರುವುದು ಈ ಮಾತುಕತೆಯನ್ನೇ. ಪಿಎಚ್.ಡಿ. ಶುರುವಾಗುವ ಮುಂಚಿನ ಬೇಸಿಗೆಯಲ್ಲಿ ನಾಲ್ಕು ವಾರ ಒಂದೇ ಕಡೆ ತಂಗಿ, ವಿಶ್ಲೇಷಣೆ (ಮಿತಿ, ಅವಿಚ್ಛಿನ್ನತೆಗಳನ್ನು ಅಧ್ಯಯನ ಮಾಡುವ ಗಣಿತದ ಶಾಖೆ), ಬೀಜಗಣಿತದಂಥ ಮೂಲ ವಿಷಯಗಳ ಲೆಕ್ಕಗಳನ್ನು ಒಟ್ಟಾಗಿ ಬಿಡಿಸಬೇಕು. ಉದಾಹರಣೆಗೆ, ಮೊದಲ ವರ್ಷದ ವಿಶ್ಲೇಷಣೆಯಲ್ಲಿ ಎಲ್ಲರಿಗೂ ಎದುರಾಗುವ ಒಂದು ಪ್ರಶ್ನೆಯನ್ನು ನೋಡೋಣ. ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಗಳ ಮೇಲೆ ಎಕ್ಸ್‌ನ ಘಾತವನ್ನು ಏರಿಸುತ್ತ ಹೋದರೆ, ಪ್ರತಿಯೊಂದು ಫಂಕ್ಷನ್ನೂ ಅವಿಚ್ಛಿನ್ನವಾಗಿದ್ದರೂ ಅವುಗಳ ಮಿತಿ, ಅಂದರೆ ಅವು ಕೊನೆಗೆ ಸಮೀಪಿಸುವ ಫಂಕ್ಷನ್, ಮಾತ್ರ ಒಂದರ ಬಳಿ ಸೊನ್ನೆಯಿಂದ ಒಂದಕ್ಕೆ ಜಿಗಿಯುತ್ತದೆ. ಚಿತ್ರ ಬರೆದರೆ ಇದು ಕಣ್ಣಿಗೇ ಕಾಣುತ್ತದೆ. ಆದರೆ ಅಭಿಸರಣ ಏಕರೂಪವಲ್ಲ (ಎಲ್ಲ ಬಿಂದುಗಳಲ್ಲೂ ಒಂದೇ ವೇಗದಲ್ಲಿ ಮಿತಿಯ ಹತ್ತಿರ ಬರುವುದಿಲ್ಲ) ಎಂಬುದನ್ನು ಲೋಪವಿಲ್ಲದೆ ಬರೆದು, ಹಲಗೆಯ ಮುಂದೆ ನಿಂತು, ‘ಈ ಸಾಲು ಹೇಗೆ ಬಂತು?’ ಎಂದು ಕೇಳುವವರಿಗೆ ಉತ್ತರಿಸುವುದು ಬೇರೆಯೇ ಅಭ್ಯಾಸ. ಆ ಪ್ರಶ್ನೆಯನ್ನು ಅವಮಾನವೆಂದು ಭಾವಿಸದೆ ಕೆಲಸದ ಭಾಗವೆಂದು ಸ್ವೀಕರಿಸುವ ರೂಢಿ, ನನ್ನ ಅಭಿಪ್ರಾಯದಲ್ಲಿ, ಈ ನಾಲ್ಕು ವಾರಗಳ ಮುಖ್ಯ ಗಳಿಕೆ.

ಪ್ರಯಾಣ, ಊಟ, ವಸತಿಯ ಜೊತೆಗೆ ಶಿಷ್ಯವೇತನವನ್ನೂ ಕೊಡುವುದು ಸಣ್ಣ ಸಂಗತಿಯಲ್ಲ. ಬೇಸಿಗೆಯಲ್ಲಿ ದುಡಿದು ಉಳಿಸಿಕೊಳ್ಳಬೇಕಾದವರಿಗೆ ಅದಿಲ್ಲದೆ ಅರ್ಜಿಯನ್ನೇ ಹಾಕಲಾಗದು. ಇದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು, ಬೇಸಿಗೆ ಮುಗಿದ ಬಳಿಕವೂ ಸಂಪರ್ಕ ಕಡಿಯದಿರುವುದು. ಈಗಾಗಲೇ ಪಿಎಚ್.ಡಿ. ಮಾಡುತ್ತಿರುವವರು ಶಿಬಿರದಲ್ಲೇ ಮಾರ್ಗದರ್ಶನ ನೀಡುತ್ತಾರೆ. ಮುಂದೆ ಆಯಾ ಪ್ರದೇಶದ ಗುಂಪುಗಳ ಮೂಲಕ ಆ ನೆರವು ಮುಂದುವರಿಯುತ್ತದೆ. ಪಿಎಚ್.ಡಿ. ಮುಂದುವರಿಸಲು ದಾಟಬೇಕಾದ ಅರ್ಹತಾ ಪರೀಕ್ಷೆಯಲ್ಲಿ ಒಮ್ಮೆ ಹಿನ್ನಡೆಯಾದಾಗ ‘ಮುಂದೇನು?’ ಎಂದು ಸಂಕೋಚವಿಲ್ಲದೆ ಕೇಳಬಲ್ಲ ಒಬ್ಬ ಹಿರಿಯ ವಿದ್ಯಾರ್ಥಿನಿ ಇದ್ದರೆ, ವಿಭಾಗದ ಕೈಪಿಡಿಯಲ್ಲಿ ಸಿಗದ ಉತ್ತರ ಸಿಗುತ್ತದೆ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ 2007ರಲ್ಲಿ ಪರಿಣಾಮಕಾರಿ ಕಾರ್ಯಕ್ರಮಗಳಿಗೆ ಕೊಡುವ ಮನ್ನಣೆಯನ್ನು ಎಡ್ಜ್‌ಗೆ ನೀಡಿದ್ದು ಸೂಕ್ತವೇ ಆಗಿದೆ.

ಕೊರತೆಗಳಿಲ್ಲವೆಂದಲ್ಲ. ಒಂದು ಬೇಸಿಗೆಗೆ ಆಯ್ಕೆಯಾಗುವ ಗುಂಪು ಚಿಕ್ಕದು. ಪದವಿಯ ನಡುವೆಯೇ ಗಣಿತವನ್ನು ಕೈಬಿಟ್ಟವರನ್ನು ಇದು ಮುಟ್ಟುವುದೂ ಇಲ್ಲ. ಆ ಕೆಲಸಕ್ಕೆ ಬೇರೆ ವ್ಯವಸ್ಥೆಗಳೇ ಬೇಕು. ಕೆಲವರನ್ನು ಹೊರಗಿಡುವ ವಿಭಾಗವೊಂದು ತನ್ನನ್ನು ತಿದ್ದಿಕೊಳ್ಳುವ ಬದಲು, ಹೊರಗುಳಿದವಳೇ ಗಟ್ಟಿಯಾಗಿ ಬರಲಿ ಎಂದು ಕುಳಿತುಕೊಳ್ಳಲು ಇಂಥ ಶಿಬಿರಗಳು ನೆಪವಾಗಬಾರದೆಂಬ ಆತಂಕವೂ ನನಗಿದೆ, ಆದರೆ ಅದರ ಹೊಣೆಯನ್ನು ಶಿಬಿರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಸಂಖ್ಯಾಶಾಸ್ತ್ರದ ಕಡೆಗೆ ಹೊರಟವರು ಇನ್ನೊಂದನ್ನು ಗಮನಿಸಬೇಕು. ಸಂಭವನೀಯತೆಯ ಸಿದ್ಧಾಂತಕ್ಕೆ ವಿಶ್ಲೇಷಣೆಯೇ ತಳಹದಿಯಾದ್ದರಿಂದ ಈ ಅಭ್ಯಾಸ ವ್ಯರ್ಥವಾಗದು. ಆದರೆ ಅಂದಾಜು, ಊಹಾಪರೀಕ್ಷೆ, ದತ್ತಾಂಶದ ಮಾದರಿಗಳನ್ನು ಕಟ್ಟುವ ಕೆಲಸಗಳಿಗೆ ಪ್ರತ್ಯೇಕವಾಗಿಯೇ ತಯಾರಾಗಬೇಕಾಗುತ್ತದೆ. ಅರ್ಜಿ ಹಾಕುವ ಮೊದಲು ತಾವು ಸೇರಲಿರುವ ವಿಭಾಗದ ಅರ್ಹತಾ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಂಡು, ಶಿಬಿರದ ಪಾಠಪಟ್ಟಿಯೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು.